ಕಂಟ್ರಿ ಮತ್ತು ಹಿಪ್‌ಹಾಪ್: ರೇಡಿಯೊ ಬರೆದ ಗಡಿಗಳು

ಅಮೆರಿಕದಲ್ಲಿ ಇಂದು ಎರಡು ಸಾವಿರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳು ಕಂಟ್ರಿ ಸಂಗೀತವನ್ನೇ ನೆಚ್ಚಿಕೊಂಡಿವೆ. ಬೇರಾವ ಬಗೆಯ ಸಂಗೀತಕ್ಕೂ ಅಲ್ಲಿ ಅಷ್ಟು ಕೇಂದ್ರಗಳಿಲ್ಲ. ಹಾಗಿದ್ದೂ 2017ರಲ್ಲಿ ನೀಲ್ಸನ್ ಸಂಸ್ಥೆ ಮಾರಾಟ, ಆನ್‌ಲೈನ್ ಆಲಿಕೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಆರ್ ಅಂಡ್ ಬಿ–ಹಿಪ್‌ಹಾಪ್. ಈ ಅಂತರಕ್ಕೆ ಜನರ ಅಭಿರುಚಿ ಕಾರಣ ಎಂದುಬಿಡಬಹುದು. ಆದರೆ ಯಾರ ಹಾಡಿಗೆ ಯಾರು ಪ್ರಸಾರದ ಗೋಪುರ ಕಟ್ಟಿಕೊಟ್ಟರು, ಜಾಹೀರಾತಿನ ದುಡ್ಡು ಯಾವ ಕೇಳುಗರನ್ನು ಹುಡುಕಿಕೊಂಡು ಹೋಯಿತು ಎಂಬುದೂ ಅಭಿರುಚಿಯಷ್ಟೇ ಕೆಲಸ ಮಾಡಿದೆ.

ಕಂಟ್ರಿ ಸಂಗೀತ ರೇಡಿಯೊದ ಜೊತೆಜೊತೆಗೇ ಬೆಳೆಯಿತು. 1922ರಲ್ಲಿ ಅಟ್ಲಾಂಟಾದ ಡಬ್ಲ್ಯೂಎಸ್‌ಬಿ ಕೇಂದ್ರದಿಂದ ಜಾನ್ ಕಾರ್ಸನ್‌ನ ಪಿಟೀಲು ಕೇಳಿಬಂತು. 1924ರಲ್ಲಿ ಷಿಕಾಗೊದಲ್ಲಿ ‘ನ್ಯಾಷನಲ್ ಬಾರ್ನ್ ಡ್ಯಾನ್ಸ್’ ಶುರುವಾಯಿತು. ಮರುವರ್ಷ ನ್ಯಾಶ್‌ವಿಲ್‌ನಲ್ಲಿ ಒಂದು ವಿಮಾ ಕಂಪನಿ ಡಬ್ಲ್ಯೂಎಸ್‌ಎಂ ಕೇಂದ್ರವನ್ನು ತೆರೆಯಿತು. ಆ ಮೂರಕ್ಷರದಲ್ಲಿ ಅಡಗಿದ್ದುದು ‘ಲಕ್ಷಾಂತರ ಜನರಿಗೆ ನಾವು ರಕ್ಷೆ’ ಎಂಬರ್ಥದ ಕಂಪನಿಯ ಘೋಷವಾಕ್ಯ. 1925ರ ನವೆಂಬರ್ 28ರ ರಾತ್ರಿ ಎಪ್ಪತ್ತೇಳರ ಮುದುಕ ಅಂಕಲ್ ಜಿಮ್ಮಿ ಥಾಂಪ್ಸನ್ ಅಲ್ಲಿ ಪಿಟೀಲು ನುಡಿಸಿದ. ವಾರವಾರ ನಡೆಯತೊಡಗಿದ ಆ ಕಾರ್ಯಕ್ರಮ ಹಳ್ಳಿಯ ರೈತರನ್ನೂ ಗಿರಣಿ ಕೂಲಿಗಳನ್ನೂ ಹಿಡಿದು ಕೂರಿಸಿತು. ಕಂಪನಿಗೆ ಬೇಕಾಗಿದ್ದ ಗಿರಾಕಿಗಳೂ ಅವರೇ. 1932ರಲ್ಲಿ ಊರಾಚೆಯ ಬ್ರೆಂಟ್‌ವುಡ್‌ನಲ್ಲಿ ವಜ್ರಾಕಾರದ ಉಕ್ಕಿನ ಗೋಪುರ ಎದ್ದಿತು, ಪ್ರಸಾರದ ಬಲ 50,000 ವ್ಯಾಟ್‌ಗೆ ಏರಿತು. ರಾತ್ರಿ ಹೊತ್ತು ಮಧ್ಯಮ ತರಂಗಗಳು ಮೇಲಿನ ಅಯಾನುಗೋಳಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಹೀಗಾಗಿ ಟೆನೆಸ್ಸೀಯ ಪಿಟೀಲು ದೂರದೂರದ ರಾಜ್ಯಗಳ ಅಡುಗೆಮನೆಗಳಲ್ಲೂ ಮೊಳಗಿತು.

ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು. 1927ರಲ್ಲಿ ಒಂದು ಶನಿವಾರ, ಶಾಸ್ತ್ರೀಯ ಸಂಗೀತದ ಪ್ರಸಾರ ಮುಗಿದ ಬೆನ್ನಿಗೆ ಡಿಫೋರ್ಡ್ ಬೇಲಿ ಹಾರ್ಮೋನಿಕಾದಲ್ಲಿ ರೈಲಿನ ಓಟವನ್ನು ನುಡಿಸಿದ. ಇಷ್ಟು ಹೊತ್ತು ಕೇಳಿದ್ದು ಗ್ರ್ಯಾಂಡ್ ಒಪೆರಾ, ಇನ್ನು ಮುಂದೆ ನಮ್ಮದು ಎಂದು ನಿರೂಪಕ ಜಾರ್ಜ್ ಹೇ ಆ ಪದವನ್ನೇ ಹಳ್ಳಿ ಉಚ್ಚಾರಕ್ಕೆ ತಿರುಗಿಸಿದ. ಬೇಲಿ ಕಪ್ಪು ಕಲಾವಿದ. ಬಿಳಿಯರ ಸಂಗೀತವೆಂದು ಹೆಸರಾದ ಪ್ರಕಾರದ ದೊಡ್ಡ ವೇದಿಕೆಗೆ ನಾಮಕರಣವಾದದ್ದು ಅವನ ವಾದನದ ಹೊತ್ತಿನಲ್ಲಿ. 1941ರಲ್ಲಿ ಅವನನ್ನು ಕೈಬಿಟ್ಟರು. ಆತ ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದ. ಕಂಟ್ರಿ ಸಂಗೀತದ ‘ಹಾಲ್ ಆಫ್ ಫೇಮ್’ನಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ, ಆತ ತೀರಿಹೋದ ಎಷ್ಟೋ ವರ್ಷಗಳ ಮೇಲೆ. ಧ್ವನಿಮುದ್ರಣ ಕಂಪನಿಗಳು 1920ರ ದಶಕದಲ್ಲೇ ಕಪ್ಪು ಜನರ ತಟ್ಟೆಗಳಿಗೆ ಒಂದು ಪಟ್ಟಿ, ಬಿಳಿಯ ಹಳ್ಳಿಗರ ತಟ್ಟೆಗಳಿಗೆ ಇನ್ನೊಂದು ಪಟ್ಟಿ ಮಾಡಿದ್ದವು. ರೇಡಿಯೊ ಆ ಗೆರೆಯನ್ನು ಇನ್ನಷ್ಟು ಆಳವಾಗಿ ಕೊರೆಯಿತು.

ಹಿಪ್‌ಹಾಪ್‌ಗೆ ಗೋಪುರ ಕಟ್ಟಿಕೊಡಲು ಯಾವ ವಿಮಾ ಕಂಪನಿಯೂ ಬರಲಿಲ್ಲ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಹುಟ್ಟಿದ ಈ ಕಲೆ ಮೊದಲು ಹರಡಿದ್ದು ಕ್ಯಾಸೆಟ್‌ಗಳ ಮೂಲಕ. ಮಿಸ್ಟರ್ ಮ್ಯಾಜಿಕ್ ಎಂಬ ಡಿಜೆ ಡಬ್ಲ್ಯೂಎಚ್‌ಬಿಐ ಎಂಬ ಸಣ್ಣ ಕೇಂದ್ರದಲ್ಲಿ ನಡುರಾತ್ರಿಯ ಸಮಯವನ್ನು ತಾನೇ ದುಡ್ಡು ಕೊಟ್ಟು ಕೊಂಡು ರ‍್ಯಾಪ್ ಹಾಕುತ್ತಿದ್ದ. ಕಪ್ಪು ಕೇಳುಗರನ್ನೇ ನೆಚ್ಚಿಕೊಂಡ ಎಷ್ಟೋ ಕೇಂದ್ರಗಳು ಸಹ ಜಾಹೀರಾತುದಾರರು ಕೈಬಿಟ್ಟಾರೆಂಬ ಅಂಜಿಕೆಯಿಂದ ಹಗಲಿನಲ್ಲಿ ರ‍್ಯಾಪ್ ಮುಟ್ಟುತ್ತಿರಲಿಲ್ಲ. ಲಾಸ್ ಏಂಜಲೀಸ್‌ನ ಕೆಡೇ ಎಂಬ ಎಎಂ ಕೇಂದ್ರ ಮಾತ್ರ ಗ್ರೆಗ್ ಮ್ಯಾಕ್‌ನ ನೇತೃತ್ವದಲ್ಲಿ 1980ರ ದಶಕದ ನಡುವೆ ಹಿಪ್‌ಹಾಪ್‌ಗೆ ಹಗಲಿನಲ್ಲೂ ಜಾಗ ಕೊಟ್ಟಿತು. ಡಾ. ಡ್ರೇ ಅಲ್ಲಿ ಮಿಕ್ಸ್ ಮಾಡಿಕೊಡುತ್ತಿದ್ದ. 1991ರಲ್ಲಿ ಆ ಕೇಂದ್ರ ವಾಣಿಜ್ಯ ಸುದ್ದಿಗೆ ಹೊರಳಿತು. ನ್ಯೂಯಾರ್ಕ್‌ನ ಹಾಟ್ 97 ಎಫ್‌ಎಂ ಹಿಪ್‌ಹಾಪ್ ಹಿಡಿದದ್ದು ಅದಾದ ಮೇಲೆ. ಅತ್ತ ಕಂಟ್ರಿ ಕೇಂದ್ರಗಳಿಗೂ ತಮ್ಮದೇ ಎಲ್ಲೆ ಇತ್ತು: 1996ರಿಂದ 2013ರವರೆಗೆ ನ್ಯೂಯಾರ್ಕ್ ನಗರಕ್ಕೆ ಒಂದೂ ದೊಡ್ಡ ಕಂಟ್ರಿ ಎಫ್‌ಎಂ ಇರಲಿಲ್ಲ.

1996ರ ದೂರಸಂಪರ್ಕ ಕಾಯ್ದೆ ಎರಡಕ್ಕೂ ಪೆಟ್ಟು ಕೊಟ್ಟಿತು. ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ಕೇಂದ್ರಗಳನ್ನು ಹೊಂದಬಹುದೆಂಬ ಮಿತಿ ಹೋಯಿತು. ಕ್ಲಿಯರ್ ಚಾನೆಲ್ ಕೆಲವೇ ವರ್ಷಗಳಲ್ಲಿ ಸುಮಾರು 1,200 ಕೇಂದ್ರಗಳನ್ನು ಕೂಡಿಹಾಕಿತು. ಹಾಡಿನ ಪಟ್ಟಿ ಊರಿನ ಡಿಜೆಯ ಕೈತಪ್ಪಿತು. ಆದರೆ ಹ್ಯೂಸ್ಟನ್‌ನ ಡಿಜೆ ಸ್ಕ್ರೂ ನಿಧಾನಗತಿಗೆ ಇಳಿಸಿದ ಹಾಡುಗಳು ರೇಡಿಯೊದ ಹಂಗಿಲ್ಲದೆ ಕ್ಯಾಸೆಟ್‌ನಲ್ಲೇ ಕಾರಿಂದ ಕಾರಿಗೆ ಸಾಗಿದವು. ಪ್ರಾದೇಶಿಕ ಹಿಪ್‌ಹಾಪ್ ಗಟ್ಟಿಯಾದದ್ದು ಹೀಗೆ ಎಂದೇ ನನ್ನ ಎಣಿಕೆ.

ದೇಶದ ಗಡಿ ದಾಟಿದಾಗಲೂ ರೇಡಿಯೊದ ಕೈವಾಡ ಕಾಣುತ್ತದೆ. ಆಸ್ಟ್ರೇಲಿಯಾದ ಟ್ಯಾಮ್‌ವರ್ತ್ ಕಂಟ್ರಿ ರಾಜಧಾನಿಯಾದದ್ದು ಆ ಊರಿನ 2ಟಿಎಂ ಕೇಂದ್ರದ ರಾತ್ರಿ ಪ್ರಸಾರದಿಂದ. 1973ರಿಂದ ಅಲ್ಲಿ ಪ್ರತಿ ಜನವರಿಯಲ್ಲಿ ಉತ್ಸವ. ಫ್ರಾನ್ಸಿನ ಕಥೆ ಇನ್ನೂ ಸ್ವಾರಸ್ಯದ್ದು. 1996ರಿಂದ ಅಲ್ಲಿನ ಕೇಂದ್ರಗಳು ಶೇ 40ರಷ್ಟು ಫ್ರೆಂಚ್ ಹಾಡು ಹಾಕಲೇಬೇಕಾಯಿತು. ಇಂಗ್ಲಿಷ್ ಹಾಡುಗಳ ಅಬ್ಬರಕ್ಕೆ ತಡೆಯೊಡ್ಡಲು ಮಾಡಿದ ಈ ನಿಯಮದ ಲಾಭ ಹೆಚ್ಚಾಗಿ ದಕ್ಕಿದ್ದು ಪ್ಯಾರಿಸ್, ಮಾರ್ಸೇಗಳ ವಲಸಿಗ ಬಡಾವಣೆಯ ಹುಡುಗರಿಗೆ. ಸ್ಕೈರಾಕ್ ಕೇಂದ್ರ ಫ್ರೆಂಚ್ ರ‍್ಯಾಪ್‌ಗೆ ಮೀಸಲಾಯಿತು. ಬ್ರಿಟನ್ನಿನಲ್ಲಿ ಕಪ್ಪು ಸಂಗೀತಕ್ಕೆಂದೇ ಬಿಬಿಸಿ 1ಎಕ್ಸ್‌ಟ್ರಾ 2002ರಲ್ಲಿ ಬಂತು. ಕಂಟ್ರಿಯೂ ಹೊರಗೆ ಹೋಗಿದೆ: ಕೆನ್ಯಾ, ನೈಜೀರಿಯಾಗಳಲ್ಲಿ ಗಾಯಕ ಜಿಮ್ ರೀವ್ಸ್‌ನನ್ನು ಇಂದಿಗೂ ಅಕ್ಕರೆಯಿಂದ ಕೇಳುತ್ತಾರೆ. ಆದರೆ ಅಲ್ಲಿಗೆ ಹೋದದ್ದು ಮುಖ್ಯವಾಗಿ ಹಾಡುಗಳು. ಹಿಪ್‌ಹಾಪ್ ಹೋದಲ್ಲೆಲ್ಲ ಆಯಾ ಊರಿನ ನುಡಿಯನ್ನೇ ತನ್ನದಾಗಿಸಿಕೊಂಡಿತು. ಕನ್ನಡದಲ್ಲೂ ಹಾಗೆಯೇ. ಖಾಸಗಿ ಎಫ್‌ಎಂ ದೇಶಕ್ಕೆ ಬಂದದ್ದೇ 2001ರ ಬೆಂಗಳೂರಿನಿಂದ. ಆದರೆ ಸಿನಿಮಾ ಹಾಡನ್ನೇ ನೆಚ್ಚಿದ ಆ ಅಲೆಗಳಿಗಿಂತ ಯೂಟ್ಯೂಬಿನಲ್ಲೇ ಆಲ್ ಓಕೆ, ಚಂದನ್ ಶೆಟ್ಟಿಯಂಥವರು ಕೇಳುಗರನ್ನು ಕಂಡುಕೊಂಡರು.

ಹಳೆಯ ಗೆರೆ ಈಗ ಅಲ್ಲಲ್ಲಿ ಅಳಿಸುತ್ತಿದೆ. 2019ರಲ್ಲಿ ಕಪ್ಪು ರ‍್ಯಾಪರ್ ಲಿಲ್ ನಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಅನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆಯಿತು; ಹಾಡು ಮುಖ್ಯ ಪಟ್ಟಿಯ ತುದಿಯಲ್ಲಿ 19 ವಾರ ನಿಂತಿತು. 2024ರಲ್ಲಿ ಬಿಯಾನ್ಸೆ ತನ್ನ ಹಾಡೊಂದರಿಂದ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆಯಾದಳು. ಅದೇ ಹಾಡನ್ನು ಕೇಳುಗರೊಬ್ಬರು ಬಯಸಿದಾಗ ಒಕ್ಲಹೋಮಾದ ಸಣ್ಣ ಕೇಂದ್ರವೊಂದು ನಾವು ಕಂಟ್ರಿ ಕೇಂದ್ರ, ಬಿಯಾನ್ಸೆ ಹಾಕುವುದಿಲ್ಲ ಎಂದು ಉತ್ತರಿಸಿ, ಗದ್ದಲವೆದ್ದ ಮೇಲೆ ಹಾಕಿತು. ರೇಡಿಯೊ ಪ್ರಸಾರವನ್ನಷ್ಟೇ ಎಣಿಸುವ ಕಂಟ್ರಿ ಪಟ್ಟಿಯಲ್ಲಿ ಮಾತ್ರ ಅದು ಮೊದಲ ಇಪ್ಪತ್ತರೊಳಗೂ ಬರಲಿಲ್ಲ. ಅದೇ ವರ್ಷ ನೈಜೀರಿಯಾ ಮೂಲದ ಶಬೂಜಿ ಹಳೆಯದೊಂದು ರ‍್ಯಾಪ್ ಹಾಡಿನ ಪಲ್ಲವಿಯನ್ನು ಗಿಟಾರಿಗೆ ಹೊಂದಿಸಿ ಹಾಡಿದ. ಅದನ್ನು ಕಂಟ್ರಿ ಕೇಂದ್ರಗಳು ಎಡೆಬಿಡದೆ ಹಾಕಿ ಆ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದವು.