17ನೇ ದೂರು

ನಮ್ಮ ಕನ್ನಡ ಸ್ಪೆಲ್ ಚೆಕ್ಕರ್‌ನ ಕೋಡಿನಲ್ಲಿ ಒಂದು ಸಾಲಿದೆ. ಪದದ ನಡುವೆ ಕಣ್ಣಿಗೆ ಕಾಣದ ಅಕ್ಷರ ಸಿಕ್ಕರೆ ಕೆಲವು ಕಡೆ ಕಿತ್ತುಹಾಕು, ಕೆಲವು ಕಡೆ ಮುಟ್ಟಬೇಡ ಅನ್ನುವ ಸಾಲು. ‘ರಾಜ್‌ಕುಮಾರ್’ ಎಂದು ಬರೆದಾಗ ‘ಜ್’ಗೂ ‘ಕು’ಗೂ ನಡುವೆ ಅಂಥದ್ದೊಂದು ಕೂತಿರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಆಗಿ, ಕಕಾರ ಒತ್ತಾಗಿ ಕೆಳಗೆ ಜೋತುಬೀಳುತ್ತದೆ. ಆ ಸಾಲಿನ ಪಕ್ಕ ನಾನೇ ಬರೆದ ಟಿಪ್ಪಣಿ: ‘ಯಾಕೆ ಅಂತ ತಿಳಿಯಲು 17ನೇ ದೂರು ನೋಡಿ.’

17ನೇ ದೂರು ಈಗ ಎಲ್ಲೂ ಇಲ್ಲ. ಅದನ್ನು ಇಟ್ಟಿದ್ದ ತಾಣ, ಹೆಸರು ಬೇಡ, ಅಂಗಡಿ ಮುಚ್ಚಿತು. ಕೋಡನ್ನು ಹೊತ್ತು ತಂದೆವು. ದೂರಿನ ಕೆಳಗೆ ನಾವು ಮೂವರು ಎರಡು ವಾರ ಆಡಿದ ಜಗಳವನ್ನು ತರಲಾಗಲಿಲ್ಲ.

ನಾವು ಈ ಕೆಲಸಕ್ಕೆ ಇಳಿದ ಕಾಲಕ್ಕೆ ಇಂಥ ತಾಣ ಅಂದರೆ ಎಲ್ಲರ ಬಾಯಲ್ಲೂ ಸೋರ್ಸ್‌ಫೋರ್ಜ್. ವಿಎ ಲಿನಕ್ಸ್ ಕಂಪನಿ 1999ರ ನವೆಂಬರ್‌ನಲ್ಲಿ ತೆರೆದದ್ದು. ಮುಕ್ತ ತಂತ್ರಾಂಶ ಬರೆಯುವವರಿಗೆ ಜಾಗ, ದೂರುಪಟ್ಟಿ, ಎಲ್ಲ ಬಿಟ್ಟಿ. ಮರುತಿಂಗಳು 9ನೇ ತಾರೀಖು ಕಂಪನಿಯ ಷೇರು 30 ಡಾಲರ್‌ಗೆ ಮಾರುಕಟ್ಟೆಗೆ ಬಂದು, ಸಂಜೆಗೆ 239 ಡಾಲರ್ ದಾಟಿತ್ತು. ಹಾಗಿರುವಾಗ ನಾಲ್ಕು ಜನಕ್ಕೆ ಜಗಲಿ ಬಿಟ್ಟುಕೊಡುವುದು ಯಾರಿಗೆ ಭಾರ? ಆದರೆ ಆ ಹೊಳೆ ಬೇಗ ಬತ್ತಿತು. ತಾಣವನ್ನು ನಡೆಸುವ ತಂತ್ರಾಂಶವೂ ಮೊದಲು, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲೇ ಇತ್ತು. 2001ರಲ್ಲಿ ಹೊಸ ಆವೃತ್ತಿಗೆ ಬೀಗ ಬಿತ್ತು, ಅದನ್ನು ದೊಡ್ಡ ಕಂಪನಿಗಳಿಗೆ ಮಾರಲು ಹೊರಟರು.

ಹಳೆಯ ಪ್ರತಿಯನ್ನು ಮಾತ್ರ ವಾಪಸ್ ಕೇಳುವಂತಿರಲಿಲ್ಲ. ಜಿಪಿಎಲ್‌ನಲ್ಲಿ ಕೊಟ್ಟದ್ದು ಕೊಟ್ಟದ್ದೇ. ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಸವಾನಾ ತಾಣ ಆ ಪ್ರತಿಯಿಂದಲೇ ಎದ್ದಿತ್ತು. ಸೋರ್ಸ್‌ಫೋರ್ಜ್ ಬರೆದವರಲ್ಲೊಬ್ಬನಾದ ಟಿಮ್ ಪರ್ಡ್ಯೂ 2002ರಲ್ಲಿ ಅದರಿಂದಲೇ ಜಿಫೋರ್ಜ್ ಮಾಡಿದ. ಮುಂದೆ ಅದರ ಹೊಸ ಆವೃತ್ತಿಗೂ ಬೀಗ ಬಿತ್ತು. ಆಗ ಅದರ ಮುಕ್ತ ಪ್ರತಿ ಹಿಡಿದು 2009ರಲ್ಲಿ ಫ್ಯೂಶನ್‌ಫೋರ್ಜ್ ಬಂತು. ಹೆಪ್ಪಿಗೆ ಒಂದು ಚಮಚ ಮೊಸರು ಉಳಿದಿದ್ದರೆ ಸಾಕು ಅನ್ನುವ ಹಾಗೆ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಬಿಟ್‌ಕೀಪರ್ ಎಂಬ ಸಾಧನದ ಕಥೆ ಇದಕ್ಕಿಂತ ಖಾರ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2002ರಲ್ಲಿ ಲಿನಕ್ಸ್ ಕರ್ನಲ್‌ನ ಕೆಲಸವನ್ನೆಲ್ಲ ಲ್ಯಾರಿ ಮೆಕ್‌ವಾಯ್ ಕಂಪನಿಯ ಈ ಮುಚ್ಚಿದ ಸಾಧನಕ್ಕೆ ಒಪ್ಪಿಸಿದರು. ಬಳಸಲು ದುಡ್ಡಿಲ್ಲ, ಷರತ್ತಿತ್ತು: ಬಿಟ್ಟಿಯಾಗಿ ಬಳಸುವವನು ಇದಕ್ಕೆ ಎದುರಾಳಿಯಾಗುವ ಸಾಧನ ಕಟ್ಟಕೂಡದು. ಗ್ನೂ ಯೋಜನೆ ಕಟ್ಟಿದ ಸ್ಟಾಲ್‌ಮನ್ ಕೂಗಾಡಿದರು. ಬಹಳಷ್ಟು ಜನ ಕೆಲಸ ಸಲೀಸಾಯಿತೆಂದು ಸುಮ್ಮನಿದ್ದರು, ನಾನಾಗಿದ್ದರೂ ಸುಮ್ಮನಿರುತ್ತಿದ್ದೆ. ಕರ್ನಲ್ ಕೋಡಿನ ಮೇಲೆ ಯಾರ ಬೀಗವೂ ಇರಲಿಲ್ಲವಲ್ಲ. ಆದರೆ ಯಾರು, ಯಾವಾಗ, ಏನು ಬದಲಿಸಿದರು ಅನ್ನುವ ಪೂರ್ತಿ ಇತಿಹಾಸ ಬೇಕಿದ್ದರೆ ಬಿಟ್‌ಕೀಪರ್ ಮೂಲಕವೇ ನೋಡಬೇಕಿತ್ತು.

ಸಾಂಬಾ ಎಂಬ ಮುಕ್ತ ತಂತ್ರಾಂಶ ಬರೆದ ಆಂಡ್ರ್ಯೂ ಟ್ರಿಜೆಲ್ ಆ ಇತಿಹಾಸ ತೆಗೆಯಲು ಹೋದರು. 2005ರ ಏಪ್ರಿಲ್‌ನಲ್ಲಿ ಕ್ಯಾನ್‌ಬೆರಾದ ಸಮ್ಮೇಳನದಲ್ಲಿ ತಮ್ಮ ‘ಅಪರಾಧ’ವನ್ನು ಎಲ್ಲರೆದುರು ಮಾಡಿ ತೋರಿಸಿದರು. ಟೆಲ್‌ನೆಟ್‌ನಿಂದ ಬಿಟ್‌ಕೀಪರ್ ಸರ್ವರ್‌ಗೆ ಸೇರಿ ‘ಹೆಲ್ಪ್’ ಎಂದು ಒತ್ತಿದರು. ಯಾವ ಯಾವ ಆದೇಶ ಕೊಡಬಹುದೆಂಬ ಪಟ್ಟಿಯನ್ನು ಸರ್ವರ್ ತಾನೇ ಕೊಟ್ಟಿತು! ಈ ಪ್ರಯತ್ನ ಸಹಿಸದ ಮೆಕ್‌ವಾಯ್ ಅಷ್ಟರಲ್ಲಾಗಲೇ ಬಿಟ್ಟಿ ಸವಲತ್ತು ನಿಲ್ಲಿಸುವುದಾಗಿ ಹೇಳಿಯಾಗಿತ್ತು. ಏಪ್ರಿಲ್ 3ಕ್ಕೆ ಲಿನಸ್ ಹೊಸ ಸಾಧನ ಬರೆಯಲು ಕೂತರು. 7ಕ್ಕೆ ಗಿಟ್ ತನ್ನ ಕೋಡನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು.

ಗಿಟ್‌ನಲ್ಲಿ ಪ್ರತಿಯೊಬ್ಬನ ಪ್ರತಿಯಲ್ಲೂ ಇಡೀ ಇತಿಹಾಸ ಇರುತ್ತದೆ. ಅಲ್ಲಿಗೆ ತೊಂದರೆ ಮುಗಿಯಬೇಕಿತ್ತು. ಆದರೆ 2008ರಲ್ಲಿ, ಗಿಟ್ ಬಳಸುವವರಿಗೆ ಜಾಗ ಕೊಡುವ ಗಿಟ್‌ಹಬ್ ತಾಣ ಬಂತು. ಅದರದೇ ತಂತ್ರಾಂಶ ಮುಚ್ಚಿದ್ದು. ಕೋಡು ಗಿಟ್‌ನಲ್ಲಿ, ದೂರು ಮತ್ತು ಚರ್ಚೆ ಕಂಪನಿಯ ಡೇಟಾಬೇಸ್‌ನಲ್ಲಿ. ನಾವೂ ಅಲ್ಲಿಗೇ ಹೋದೆವು, ಜನ ಇರುವ ಕಡೆ ಸಂತೆ ಅಂತ. 2014ರ ಕೊನೆಗೆ ನಮ್ಮ ದೂರಸಂಪರ್ಕ ಇಲಾಖೆ ತಡೆಯಲು ಹೇಳಿದ 32 ತಾಣಗಳಲ್ಲಿ ಗಿಟ್‌ಹಬ್ ಕೂಡ ಸೇರಿತ್ತು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು, ಮರೆತೆವು.

ಹಾಗಂತ ಮುಕ್ತ ತಂತ್ರಾಂಶದ ತಾಣವೆಲ್ಲ ಬಾಳುತ್ತದೆ ಎಂದಲ್ಲ. ಗೂಗಲ್ ಕಂಪನಿಯ ಗೂಗಲ್ ಕೋಡ್ ತಾಣ 2016ರ ಜನವರಿಯಲ್ಲಿ ಮುಚ್ಚಿತು ನಿಜ. ಅದಕ್ಕೂ ಮುಂಚೆ, 2015ರಲ್ಲೇ, ಪೂರಾ ಮುಕ್ತವಾಗಿದ್ದ ಗಿಟೋರಿಯಸ್ ಮುಚ್ಚಿತ್ತು. ಪರವಾನಗಿ ಕರೆಂಟ್ ಬಿಲ್ ಕಟ್ಟುವುದಿಲ್ಲ. ಬೇರೆ ಕಡೆ ಅದೇ ತಾಣವನ್ನು ಮತ್ತೆ ಎಬ್ಬಿಸಲು ಅವಕಾಶ ಉಳಿಸುತ್ತದೆ, ಅಷ್ಟೇ.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಸಾಲನ್ನು ತೋರಿಸಿ, ‘ಇದು ಯಾಕೆ ಸಾರ್?’ ಎಂದಳು. ಕೋಡಿನ ಜೊತೆಗೇ ಇರಲಿ ಎಂದು ‘ಯಾಕೆ’ ಅಂತಲೇ ಒಂದು ಫೈಲ್ ಮಾಡಿ, ನೆನಪಿದ್ದಷ್ಟು ಬರೆದು, ಉಳಿದಿಬ್ಬರಿಗೆ ಫೋನ್ ಮಾಡಿದೆ. ಒಬ್ಬನ ಪ್ರಕಾರ ಆ ವಾದದಲ್ಲಿ ಗೆದ್ದವನು ಅವನು. ಇನ್ನೊಬ್ಬ ಪೂರ್ತಿ ಕೇಳಿಸಿಕೊಂಡು, ‘ಅದು 17 ಅಲ್ಲ ಕಣೋ, 19’ ಅಂದ.