ಫ್ಯೂಸು ಕಾಯುವುದು ತಂತಿಯನ್ನು

ಸ್ನಾನಕ್ಕೆ ನಿಂತು ನಲ್ಲಿ ತಿರುಗಿಸುವಾಗ ಬೆರಳ ತುದಿಗೆ ‘ಜುಂ’ ಎಂದ ಅನುಭವ ಅನೇಕರಿಗೆ ಆಗಿರುತ್ತದೆ. ‘ಗೀಸರ್ ಸ್ವಲ್ಪ ಹೊಡೆಯುತ್ತೆ, ಸ್ವಿಚ್ ಆಫ್ ಮಾಡ್ಕೊಂಡು ಸ್ನಾನ ಮಾಡಿ’ ಎಂದು ನೆಂಟರ ಕೈಗೆ ಟವೆಲ್ಲು ಕೊಡುವ ಮನೆಗಳೂ ಉಂಟು. ಆ ‘ಸ್ವಲ್ಪ’ ಎಂಬ ಮಾತಿನ ಹಿಂದೆ ಒಂದು ಧೈರ್ಯವಿದೆ: ಅಪಾಯವೇ ಇದ್ದಿದ್ದರೆ ಫ್ಯೂಸು ಹೋಗುತ್ತಿತ್ತಲ್ಲ! ಈ ಧೈರ್ಯ ನಮ್ಮದು ಮಾತ್ರವಲ್ಲ. ವಿದ್ಯುತ್ತು ಮನೆಗಳಿಗೆ ಕಾಲಿಟ್ಟ ಮೊದಲ ಐವತ್ತು ವರ್ಷ ಎಂಜಿನಿಯರುಗಳೂ ಬಹುಮಟ್ಟಿಗೆ ಫ್ಯೂಸು ಮತ್ತು ಅರ್ತ್ ತಂತಿಯನ್ನೇ ನೆಚ್ಚಿಕೊಂಡಿದ್ದರು. ಮನೆಗಳಲ್ಲಿ ಅದಷ್ಟೇ ಸಾಲದೆಂದು ಒಪ್ಪಿಕೊಂಡು ಬೇರೆ ಕಾವಲು ಇಟ್ಟ ಮೊದಲ ಊರುಗಳಲ್ಲಿ ಒಂದು, ದೂರದ ಚಿನ್ನದ ಗಣಿಯೊಂದರ ಕಾಲೊನಿ.

ನಮ್ಮ ನಾಡಿಗೆ ಕರೆಂಟು ತಂದದ್ದೂ ಚಿನ್ನದ ಗಣಿಯೇ ಎಂಬುದು ಇಲ್ಲಿ ನೆನಪಾಗುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಸೇರಿದ್ದು ಅರಮನೆಯನ್ನಲ್ಲ, ಕೋಲಾರದ ಗಣಿಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಆಗ ಕರೆಂಟು ಎಂದರೆ ದೀಪ. ತಲೆಗಿಂತ ಮೇಲೆ, ಕೈಗೆಟುಕದ ಜಾಗದಲ್ಲಿ ಉರಿಯುವ ವಸ್ತು. ಬಚ್ಚಲುಮನೆ ಮಾತ್ರ ಹಂಡೆ, ಒಲೆ, ತೆಂಗಿನ ಗರಿಗಳ ರಾಜ್ಯವಾಗಿಯೇ ಬಹುಕಾಲ ಉಳಿಯಿತು. ಆ ಹೊಗೆಯಲ್ಲಿ ಕಣ್ಣುರಿದಿದ್ದೀತು, ಶಾಕ್ ಹೊಡೆಯುತ್ತಿರಲಿಲ್ಲ.

‘ಗೀಸರ್’ ಎಂಬ ಹೆಸರು ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ಗ್ಯಾಸಿನಿಂದ ನೀರು ಕಾಯಿಸುವ ತನ್ನ ಯಂತ್ರಕ್ಕೆ ಅದನ್ನಿಟ್ಟ. ಆಮೇಲೆ ಗ್ಯಾಸು ಹೋಗಿ ಕರೆಂಟು ಬಂತು, ಹೆಸರು ಹಾಗೆಯೇ ಉಳಿಯಿತು. ಬರಿಗಾಲು, ಒದ್ದೆ ಮೈ, ಲೋಹದ ನಲ್ಲಿ, ಕರೆಂಟು ಇವೆಲ್ಲ ನಾಲ್ಕಡಿ ಜಾಗದಲ್ಲಿ ಒಟ್ಟಿಗೆ ಸೇರಿದ್ದು ಹೀಗೆ. ಒಣಗಿದ ಚರ್ಮ ಕರೆಂಟಿಗೆ ಸಾಕಷ್ಟು ತಡೆಯೊಡ್ಡುತ್ತದೆ. ನೆನೆದಾಗ ಆ ತಡೆ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಹುದು.

ಗೀಸರಿನೊಳಗೆ ಕಾಯುವ ತಂತಿ ನೀರಿಗೆ ನೇರವಾಗಿ ತಾಗುವುದಿಲ್ಲ. (ಬ್ರೆಜಿಲ್ ದೇಶದಲ್ಲಿ ಶವರಿನ ತಲೆಯೊಳಗೇ ಕಾಯಿಲ್ ಇರುತ್ತದೆ, ಅನೇಕ ಮಾದರಿಗಳಲ್ಲಿ ಅದು ಬರಿಮೈಯಲ್ಲೇ ನೀರಿನಲ್ಲಿ ನಿಂತಿರುತ್ತದೆ. ಕೇಳಿದರೇ ನಮಗೆ ಮೈ ಜುಮ್ಮೆನ್ನುತ್ತದೆ, ಅಲ್ಲಿನವರು ಹಾಡುತ್ತಾ ಸ್ನಾನ ಮಾಡುತ್ತಾರೆ.) ನಮ್ಮಲ್ಲಿ ತಂತಿಗೆ ತಾಮ್ರದ ಕೊಳವೆಯ ಕವಚ, ನಡುವೆ ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಪುಡಿ. ಈ ಪುಡಿಯ ಗುಣವೇ ವಿಚಿತ್ರ: ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರು ಕೊಳವೆಯ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ಆ ಪದರದಡಿಯಲ್ಲಿ ಲೋಹ ಅತಿಯಾಗಿ ಕಾದು ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಪುಡಿಗೆ ತೇವ ಇಳಿಯುತ್ತದೆ, ಕರೆಂಟು ಸೋರತೊಡಗುತ್ತದೆ.

ಈಗ ಫ್ಯೂಸಿನ ಲೆಕ್ಕ ನೋಡೋಣ. 2,000 ವ್ಯಾಟ್ ಗೀಸರು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. ಅದಕ್ಕೆಂದು 15 ಆಂಪಿಯರ್ ಫ್ಯೂಸು ಹಾಕುತ್ತಾರೆ. ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್‌ಜೀಲ್ ಎಂಬ ಪ್ರಾಧ್ಯಾಪಕರು 134 ಗಂಡಸರು, 28 ಹೆಂಗಸರ ಮೇಲೆ ಅವರ ಒಪ್ಪಿಗೆಯಿಂದಲೇ ಪ್ರಯೋಗ ನಡೆಸಿ, ಎಷ್ಟು ಕರೆಂಟು ಹರಿದರೆ ಹಿಡಿದ ಕೈ ಬಿಡಲಾಗುವುದಿಲ್ಲ ಎಂದು ಅಳೆದರು. ಗಂಡಸರ ಸರಾಸರಿ 16 ಮಿಲಿಆಂಪಿಯರ್, ಹೆಂಗಸರದು 10.5. ಅದಕ್ಕೂ ಹೆಚ್ಚಾಗಿ, ಕೆಲವು ಹತ್ತು ಮಿಲಿಆಂಪಿಯರ್ ಎದೆಯ ಮೂಲಕ ಒಂದೆರಡು ಕ್ಷಣ ಹರಿದರೆ ಹೃದಯದ ಬಡಿತವೇ ಅಂಕೆ ತಪ್ಪಬಹುದು. 30 ಮಿಲಿಆಂಪಿಯರ್ ಎಂದರೆ 15 ಆಂಪಿಯರಿನ ಐನೂರರಲ್ಲಿ ಒಂದು ಪಾಲು. ಮನುಷ್ಯ ಸಾಯುವಷ್ಟು ಕರೆಂಟು ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಗೋಡೆಯೊಳಗಿನ ತಂತಿ ಕಾದು ಬೆಂಕಿ ಹತ್ತದಂತೆ ನೋಡಿಕೊಳ್ಳುವುದಷ್ಟೇ ಅದರ ನೌಕರಿ. ಪದೇ ಪದೇ ಫ್ಯೂಸು ಹೋಗುತ್ತದೆಂದು ದಪ್ಪ ತಂತಿ ಸುತ್ತಿಟ್ಟ ಮನೆಗಳಲ್ಲಿ ಆ ನೌಕರಿಗೂ ರಾಜೀನಾಮೆ ಕೊಡಿಸಲಾಗಿರುತ್ತದೆ.

ಹಾಗಾದರೆ ಅರ್ತ್ ತಂತಿ? ನಮ್ಮ ಮೂರು ದುಂಡು ಕಾಲಿನ ಪ್ಲಗ್ಗಿನ ವಿನ್ಯಾಸ ಬ್ರಿಟನ್ನಿನಿಂದ ಬಂದದ್ದು. ಅದರ ಅರ್ತ್ ಕಾಲು ಉದ್ದವಾಗಿರುವುದು ಎಲ್ಲಕ್ಕಿಂತ ಮೊದಲು ಕೂಡಿಕೊಳ್ಳಲಿ, ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ಸೋರಿದ ಕರೆಂಟು ಈ ದಾರಿಯಲ್ಲಿ ಹಿತ್ತಲಿನ ಗುಂಡಿಗೆ, ಉಪ್ಪು ಇದ್ದಿಲಿನ ನಡುವೆ ಹೂತ ಕೊಳವೆಗೋ ತಗಡಿಗೋ ಇಳಿಯಬೇಕು. ಗುಂಡಿ ಚೆನ್ನಾಗಿದ್ದರೆ ಇಳಿಯುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ಮಣ್ಣು ಒಣಗಿ ಗುಂಡಿಯ ತಡೆ 50 ಓಮ್ ಆಯಿತೆನ್ನಿ. 230ನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ಲೈನು ನೇರವಾಗಿ ಗೀಸರಿನ ಮೈಗೆ ತಾಗಿದ್ದರೂ, ಅರ್ತ್ ತಂತಿ ನೆಟ್ಟಗೆ ಜೋಡಿಸಿದ್ದರೂ, ಫ್ಯೂಸು ಹೋಗುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಅರ್ತಿನ ಗುಂಡಿಗೆ ಬೇಸಗೆಯಲ್ಲಿ ಒಂದು ಕೊಡ ನೀರು ಸುರಿಯುತ್ತಿದ್ದ ಹಿರಿಯರು ಈ ಗಣಿತ ಕಲಿತವರಲ್ಲ, ಆದರೆ ಮಾಡುತ್ತಿದ್ದುದು ಸರಿಯಾಗಿಯೇ ಇತ್ತು.

ಗುಂಡಿ ತೋಡುವ ಖರ್ಚು ಉಳಿಸಲು ಇನ್ನೊಂದು ಅಡ್ಡದಾರಿ ಇತ್ತು: ನೀರಿನ ಕಬ್ಬಿಣದ ಪೈಪಿಗೇ ಅರ್ತ್ ತಂತಿ ಸುತ್ತುವುದು. ನೆಲದಡಿ ಹರಡಿದ ಪೈಪು ಒಳ್ಳೆಯ ಅರ್ತೇ ಹೌದು. ಬ್ರಿಟನ್ನಿನಲ್ಲೂ ಬಹುಕಾಲ ಇದು ರೂಢಿಯಲ್ಲಿತ್ತು. ಮುಂದೆ ಪ್ಲಾಸ್ಟಿಕ್ ಪೈಪು ಬಂತು. ಎಲ್ಲೋ ರಸ್ತೆಯಡಿಯಲ್ಲಿ ಎರಡು ಮಾರು ಪೈಪು ಬದಲಾದರೆ ಮನೆಯ ಅರ್ತ್ ಸದ್ದಿಲ್ಲದೆ ಕಡಿದುಹೋಗುತ್ತದೆ. ಆಮೇಲೆ ಒಂದು ಮನೆಯ ಗೀಸರು ಕೆಟ್ಟರೆ ಉಳಿದ ಕಬ್ಬಿಣದ ಪೈಪಿನುದ್ದಕ್ಕೂ, ವಠಾರದ ಎಲ್ಲ ನಲ್ಲಿಗಳಲ್ಲೂ ‘ಜುಂ’.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ವಿದ್ಯುದಾಘಾತ ದೊಡ್ಡ ಚಿಂತೆಯಾಗಿತ್ತು. ಅಲ್ಲಿನ ಹಾನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ ಗಣಿಗಳಿಗೆಂದು ಸೋರಿಕೆ ಪತ್ತೆಯ ಸಾಧನವೊಂದನ್ನು ಮಾಡಿದರು. ಅದಕ್ಕೆ ಮೊದಲಿದ್ದವು 10 ಆಂಪಿಯರ್‌ನಷ್ಟು ಸೋರಿದ ಮೇಲೆ ಎಚ್ಚರಾಗುತ್ತಿದ್ದವು. ಇದು 250 ಮಿಲಿಆಂಪಿಯರಿಗೇ ಎಚ್ಚರಾಯಿತು. ಗಣಿಗೆ ಅದು ಸಾಕಾಗಿತ್ತು, ರೂಬಿನ್ ಅವರಿಗೆ ಸಾಕಾಗಲಿಲ್ಲ. 1956ರ ಹೊತ್ತಿಗೆ 20 ಮಿಲಿಆಂಪಿಯರಿಗೂ ಕಡಿಮೆ ಸೋರಿಕೆಗೆ ಕರೆಂಟು ಕಡಿಯುವ ಹೊಸ ಮಾದರಿ ಸಿದ್ಧವಾಯಿತು. ಅಷ್ಟರಲ್ಲಿ ಜೋಹಾನ್ಸ್‌ಬರ್ಗಿನ ನೈರುತ್ಯಕ್ಕಿರುವ ಸ್ಟಿಲ್‌ಫಾಂಟೇನ್ ಎಂಬ ಗಣಿ ಊರಿನಲ್ಲಿ ಮಹಿಳೆಯೊಬ್ಬರು ಮನೆಯಲ್ಲೇ ಕರೆಂಟು ತಗುಲಿ ಸತ್ತರು. 1957–58ರಲ್ಲಿ ಆ ಊರಿನ ಕೆಲವು ನೂರು ಮನೆಗಳಿಗೆ 20 ಮಿಲಿಆಂಪಿಯರಿನ ಸಾಧನ ಕೂಡಿಸಲಾಯಿತು. ಗಣಿಯ ಸುರಂಗಕ್ಕೆಂದು ಶುರುವಾದ ಕೆಲಸ ಹೀಗೆ ಅಡಿಗೆಮನೆ, ಬಚ್ಚಲುಮನೆಗಳ ಕಾವಲಿಗೆ ಬಂತು. ಅದೇ ಕಾಲದಲ್ಲಿ ಆಸ್ಟ್ರಿಯದ ಗಾಟ್‌ಫ್ರೀಡ್ ಬೀಗೆಲ್‌ಮಾಯರ್ ಇದೇ ದಾರಿಯಲ್ಲಿದ್ದರು. 1961ರಲ್ಲಿ ಡಾಲ್‌ಜೀಲ್ ಟ್ರಾನ್ಸಿಸ್ಟರ್ ಬಳಸಿದ ಮಾದರಿ ತಂದರು.

ಇಂದು ಎಲೆಕ್ಟ್ರಿಷಿಯನ್ನರು ಇಎಲ್‌ಸಿಬಿ, ಆರ್‌ಸಿಸಿಬಿ ಎನ್ನುವುದು ಇದನ್ನೇ. ಉಪಾಯ ಶೆಟ್ಟರ ಅಂಗಡಿಯ ಕಿರ್ದಿಯಷ್ಟು ಸರಳ. ಒಳಹೋಗುವ ಫೇಸು, ಮರಳುವ ನ್ಯೂಟ್ರಲ್ ಎರಡನ್ನೂ ಒಂದೇ ಉಂಗುರದೊಳಗೆ ಹಾಯಿಸುತ್ತಾರೆ. ಹೋದದ್ದೆಲ್ಲ ಬಂದರೆ ಲೆಕ್ಕ ತಾಳೆಯಾಯಿತು. 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅದು ನೆಲಕ್ಕೋ ನಿಮ್ಮ ಮೈಗೋ ಸೋರಿದೆ ಎಂದರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳು ಇದನ್ನು ಕಡ್ಡಾಯ ಮಾಡಿದರೂ 5 ಕಿಲೋವ್ಯಾಟ್‌ಗಿಂತ ಕಡಿಮೆಯ ಮನೆ ಸಂಪರ್ಕಗಳನ್ನು ಹೊರಗಿಟ್ಟವು. ಒಂದೇ ಗೀಸರಿನ, ಹಳೇ ವೈರಿಂಗಿನ ಚಿಕ್ಕ ಮನೆಗೇ ಇದು ಹೆಚ್ಚು ಬೇಕಿತ್ತು ಎಂದು ನನಗನ್ನಿಸುತ್ತದೆ.

ಈ ಸಾಧನವಿದ್ದ ಮನೆಯಲ್ಲಿ ದೋಷ ಹುಡುಕುವುದೂ ಸುಲಭ. ಗೀಸರು ಹಾಕಿದ ಕೂಡಲೇ ಬಿದ್ದರೆ ಸಂಶಯ ಮೊದಲು ಕಾಯಿಲಿನ ಮೇಲೆ. ಹತ್ತು ನಿಮಿಷ ಕಾದ ಮೇಲೆ ಬಿದ್ದರೂ ಬಹುಮಟ್ಟಿಗೆ ಅದೇ; ಬಿಸಿಗೆ ಬಿರುಕು ಬಾಯಿಬಿಟ್ಟಿರುತ್ತದೆ. ಗೀಸರಿನ ಸ್ವಿಚ್ ಆಫ್ ಇದ್ದಾಗಲೂ ಬೀಳುತ್ತಿದ್ದು, ಪ್ಲಗ್ ಕಿತ್ತ ಮೇಲೆ ನಿಂತರೆ ಅದರ ನ್ಯೂಟ್ರಲ್ ಬದಿ ಎಲ್ಲೋ ಮೈಗೆ ತಾಗಿದೆ. ಸಾಧನವಿಲ್ಲದ ಮನೆಯವರು ಟೆಸ್ಟರ್ ನೆಚ್ಚುತ್ತಾರೆ. ಅದರ ನಿಯಾನ್ ದೀಪ ಅತ್ಯಲ್ಪ ಕರೆಂಟಿಗೂ ಮಿನುಗುತ್ತದೆ, ಹಿಡಿದವರು ಒಣ ಮಣೆಯ ಮೇಲೆ ನಿಂತಿದ್ದರೆ ಮಂಕಾಗಿ ಕಾಣದೆಯೂ ಇರಬಹುದು. ಮಿನುಗಿದರೆ ನಂಬಿ, ಮಿನುಗದಿದ್ದರೆ ನಂಬಬೇಡಿ. ಮೆಗ್ಗರ್ ಇರುವವರನ್ನು ಕರೆಸಿ.

ಇನ್ನು ‘ಸ್ವಿಚ್ ಆಫ್ ಮಾಡ್ಕೊಂಡು ಸ್ನಾನ ಮಾಡಿ’ ಎಂಬ ಮಾತು. ವೈರಿಂಗ್ ಮಾಡಿದವರು ಫೇಸು ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ಸ್ವಿಚ್ಚು ಕಡಿಯುವುದು ನ್ಯೂಟ್ರಲನ್ನು. ದೀಪ ಆರುತ್ತದೆ, ನೀರು ಕಾಯುವುದಿಲ್ಲ, ಆದರೆ ಕಾಯಿಲಿನ ತನಕ 230 ವೋಲ್ಟ್ ಬಂದು ನಿಂತಿರುತ್ತದೆ. ಆಗ ಕಾಪಾಡುವುದು ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು, ಇಲ್ಲವೇ ಕಿತ್ತಿಟ್ಟ ಪ್ಲಗ್ಗು.

ರೂಬಿನ್ ಅವರ ಉಂಗುರಕ್ಕೂ ಒಂದು ಮಿತಿಯುಂಟು. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರ ಲೆಕ್ಕ ಅದರ ಮಟ್ಟಿಗೆ ತಾಳೆಯಾಗುತ್ತದೆ, ಅದು ಸುಮ್ಮನಿರುತ್ತದೆ. ಬಹುದಿನ ಅಲುಗದೆ ಕೂತರೆ ಒಳಗಿನ ಸ್ಪ್ರಿಂಗು ಜಡ್ಡುಗಟ್ಟುವುದೂ ಉಂಟು. ಅದಕ್ಕೆಂದೇ ಅದರ ಮೂತಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇಟ್ಟಿರುತ್ತಾರೆ. ಒತ್ತಿದರೆ ಇಡೀ ಮನೆ ಕತ್ತಲಾಗಬೇಕು. ಅನೇಕ ಮನೆಗಳಲ್ಲಿ ಆ ಗುಂಡಿಯ ಮೇಲೆ ಕೂತಿರುವುದು ಗೃಹಪ್ರವೇಶದ ಕಾಲದ ಸುಣ್ಣದ ಹನಿ.