ಎಚ್‌ಐವಿ ಕಳಂಕ ಮತ್ತು ಭಾರತದ ಸಮೂಹ ಮಾಧ್ಯಮಗಳು: 1986ರಿಂದ 2018ರವರೆಗೆ

ವ್ಯಕ್ತಿಯೊಬ್ಬನ ಯಾವುದೋ ಒಂದು ಲಕ್ಷಣವನ್ನು ಮುಂದಿಟ್ಟುಕೊಂಡು ಅವನ ಇಡೀ ವ್ಯಕ್ತಿತ್ವಕ್ಕೆ ಸಮಾಜವು ಮಸಿ ಬಳಿಯುವ ಪ್ರಕ್ರಿಯೆಯನ್ನು ಸಮಾಜಶಾಸ್ತ್ರವು ಕಳಂಕೀಕರಣ ಎಂದು ಗುರುತಿಸುತ್ತದೆ. ಎರ್ವಿಂಗ್ ಗಾಫ್‌ಮನ್ 1963ರಲ್ಲಿ ವ್ಯವಸ್ಥಿತವಾಗಿ ವಿವೇಚಿಸಿದ ಈ ಪರಿಕಲ್ಪನೆಗೆ ಎಚ್‌ಐವಿಗಿಂತ ಕ್ರೂರವಾದ ನಿದರ್ಶನ ಇತ್ತೀಚಿನ ಇತಿಹಾಸದಲ್ಲಿ ದೊರೆಯುವುದು ಕಷ್ಟ. ಭಾರತದಲ್ಲಿ ಈ ಕಳಂಕವನ್ನು ತಗ್ಗಿಸುವಲ್ಲಿ ಸಮೂಹ ಮಾಧ್ಯಮಗಳು ವಹಿಸಿದ ಪಾತ್ರವನ್ನು ಚರ್ಚಿಸುವಾಗ, ಅದನ್ನು ಬೆಳೆಸುವುದರಲ್ಲಿಯೂ ಅವುಗಳ ಪಾಲಿತ್ತೆಂಬುದನ್ನು ಮರೆಯುವಂತಿಲ್ಲ.

1986ರಲ್ಲಿ ಸುನೀತಿ ಸೊಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರು ಅಂದಿನ ಮದ್ರಾಸಿನಲ್ಲಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳಲ್ಲಿ ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿದರು. ಅಂದಿನಿಂದಲೇ ಇದು ನಡತೆಗೆಟ್ಟವರ ರೋಗವೆಂಬ ಭಾವನೆ ಬೇರೂರಿತು. ಆರಂಭದ ಪ್ರಚಾರ ಸಾಮಗ್ರಿಯ ತಲೆಬುರುಡೆಯ ಚಿತ್ರಗಳು ಅದಕ್ಕೆ ಸಾವಿನ ಭಯವನ್ನೂ ಬೆಸೆದವು. ಇದರ ಪರಿಣಾಮ ಗೋವಾದ ಡೊಮಿನಿಕ್ ಡಿಸೋಜ ಅವರ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಕ್ತದಾನ ಮಾಡಿದ್ದರಿಂದ ಸೋಂಕು ಬೆಳಕಿಗೆ ಬಂದ ಈ ತರುಣನನ್ನು 1989ರಲ್ಲಿ ಪೊಲೀಸರು ಕರೆದೊಯ್ದು, ಗೋವಾದ ಸಾರ್ವಜನಿಕ ಆರೋಗ್ಯ ಕಾಯಿದೆಯಡಿ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವರ ತಾಯಿ ಬಾಂಬೆ ಹೈಕೋರ್ಟಿನ ಮೊರೆಹೋದರಾದರೂ, ಪ್ರತ್ಯೇಕವಾಗಿ ಇರಿಸುವ ಅಧಿಕಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಥಾಪನೆಯಾದ ಮೇಲೆ ಮಾಹಿತಿಯ ಪ್ರಸಾರ ಹೆಚ್ಚಿತು. ಆದರೆ ಮಾಹಿತಿ ತಲುಪಿದಲ್ಲೆಲ್ಲ ಕಳಂಕ ತಗ್ಗಲಿಲ್ಲ. ಬಲಬೀರ್ ಪಾಶಾ ಎಂಬ ಕಾಲ್ಪನಿಕ ವ್ಯಕ್ತಿಗೆ ಏಡ್ಸ್ ಬರುವುದೇ ಎಂದು ಕೇಳುತ್ತ ಮುಂಬಯಿಯ ಬೀದಿಗಳಲ್ಲಿ 2002ರ ಹೊತ್ತಿಗೆ ಕಾಣಿಸಿಕೊಂಡ ಜಾಹೀರಾತುಗಳು ಜನರ ಬಾಯಿ ಬಿಡಿಸಿದವು ನಿಜ. ಆದರೆ ಲೈಂಗಿಕ ವೃತ್ತಿಯ ಮಹಿಳೆಯನ್ನೇ ರೋಗದ ಮೂಲವಾಗಿ ತೋರಿಸುತ್ತವೆಂಬ ಆಕ್ಷೇಪವೂ ಎದ್ದಿತು, ಮತ್ತು ಆ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು.

ಅದೇ 2002ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಜಾಸೂಸ್ ವಿಜಯ್' ಧಾರಾವಾಹಿ ಬೇರೆ ದಾರಿ ಹಿಡಿಯಿತು. ಆದಿಲ್ ಹುಸೇನ್ ನಟಿಸಿದ ಪತ್ತೇದಾರ ವಿಜಯ್ ಸ್ವತಃ ಎಚ್‌ಐವಿ ಸೋಂಕಿತ. ಕರುಣೆ ಬೇಡುವ ರೋಗಿಯ ಬದಲು ಊರಿನ ಒಗಟುಗಳನ್ನು ಬಿಡಿಸುವ ನಾಯಕನಲ್ಲಿ ಸೋಂಕನ್ನಿರಿಸಿದ್ದು ಯಾವ ಘೋಷಣೆಗಿಂತಲೂ ಪರಿಣಾಮಕಾರಿಯಾದ ವಾದವಾಗಿತ್ತು. ಡಿಸೋಜ ಅವರ ಬದುಕಿನಿಂದ ಪ್ರೇರಣೆ ಪಡೆದು ಓನಿರ್ ನಿರ್ದೇಶಿಸಿದ 'ಮೈ ಬ್ರದರ್ ನಿಖಿಲ್' (2005) ಚಿತ್ರ ಇನ್ನೂ ಆಳಕ್ಕೆ ಇಳಿಯಿತು. ಈಜುಗಾರ ನಿಖಿಲ್‌ನ ಕಥೆಯನ್ನು ಅವನ ಅಕ್ಕ, ತಂದೆ, ತಾಯಿ ಮತ್ತು ಸಂಗಾತಿ ಕ್ಯಾಮೆರಾದತ್ತ ತಿರುಗಿ ನೆನಪಿಸಿಕೊಳ್ಳುವ ಈ ನಿರೂಪಣೆಯಲ್ಲಿ, ಮಗನನ್ನು ಮನೆಯಿಂದ ದೂರವಿಟ್ಟ ಹೆತ್ತವರು ತಮ್ಮ ವರ್ತನೆಗೆ ತಾವೇ ಸಾಕ್ಷಿ ನುಡಿಯುತ್ತಾರೆ. ಹೀಗಾಗಿ ಪ್ರೇಕ್ಷಕನ ಪ್ರಶ್ನೆ ರೋಗಿಯ ನಡತೆಯಿಂದ ಸುತ್ತಲಿನವರ ನಡತೆಯ ಕಡೆಗೆ ಹೊರಳುತ್ತದೆ.

ಸಾಂಕೇತಿಕ ಸ್ಪರ್ಶವೂ ಕಳಂಕವನ್ನು ತಗ್ಗಿಸುವ ಕೆಲಸ ಮಾಡಿತು. 1987ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ರೋಗಿಯೊಬ್ಬರ ಕೈಕುಲುಕಿದಂತೆ, 2003ರಲ್ಲಿ ಕೇರಳದಲ್ಲಿ ಸೋಂಕಿನ ಕಾರಣ ಸಹಪಾಠಿಗಳಿಂದ ದೂರವಾಗಿದ್ದ ಇಬ್ಬರು ಮಕ್ಕಳನ್ನು ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಬಹಿರಂಗವಾಗಿ ಅಪ್ಪಿಕೊಂಡರು. ಮುಟ್ಟುವುದರಿಂದ ಸೋಂಕು ಹರಡದೆಂಬ ವೈದ್ಯಕೀಯ ಸತ್ಯ ಪತ್ರಿಕಾ ಛಾಯಾಚಿತ್ರಗಳ ಮೂಲಕ ಕಣ್ಣಿಗೆ ಕಾಣುವಂತಾಯಿತು.

ಆದರೂ ಇಲ್ಲಿನ ಶ್ರೇಯಸ್ಸು ಮಾಧ್ಯಮಗಳಿಗೆ ಮಾತ್ರವೇ ಸಲ್ಲದು. ವೈರಸ್ಸಿನ ವೃದ್ಧಿಯನ್ನು ತಡೆಯುವ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಹಾಗೂ ದೆಹಲಿಯಲ್ಲಿ ಉಚಿತವಾಗಿ ದೊರೆಯಲಾರಂಭಿಸಿದ್ದರಿಂದಲೇ, ದುಡಿದು ಸಂಸಾರ ನಡೆಸುವ ಸೋಂಕಿತರ ಚಿತ್ರಣ ನಂಬುವಂಥದ್ದಾಯಿತು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಉದ್ಯೋಗ, ಶಿಕ್ಷಣ ಮತ್ತು ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸಿದ್ದಲ್ಲದೆ, ಸೋಂಕಿತರ ವಿರುದ್ಧ ದ್ವೇಷ ಹುಟ್ಟಿಸುವ ಮಾತು, ಬರಹ ಮತ್ತು ದೃಶ್ಯಗಳ ಪ್ರಸಾರವನ್ನೂ ಶಿಕ್ಷಾರ್ಹಗೊಳಿಸಿತು.